ಐವತ್ತು ಮಂದಿ ಪ್ರವಾಸಿಗರು

ಊರಿನ ಅಧ್ಯಕ್ಷರಿಗೆ ದರ್ಜಿಯ ನಮಸ್ಕಾರ.

ಊರಿಗೆ ಹೊಸಬರು ಬೇಕೆಂದು ನೀವು ಕರೆದಿರಿ, ನಾನು ಬಂದು ಅಂಗಡಿ ಹಾಕಿ ಎರಡು ವರ್ಷವಾಯಿತು. ಕೆಲಸಕ್ಕೆ ಕೊರತೆಯಿಲ್ಲ. ಜನ ಅಳತೆ ಕೊಡುತ್ತಾರೆ, ಬಟ್ಟೆ ಒಯ್ಯುತ್ತಾರೆ, ಅಷ್ಟೇ.

ಈ ವರ್ಷ ಪ್ರವಾಸಿಗರು ಹೆಚ್ಚಿದ್ದಾರೆಂದು ನಿನ್ನೆ ಸಭೆಯಲ್ಲಿ ಎಲ್ಲರೂ ಹಿಗ್ಗಿ ಹೀರೇಕಾಯಿಯಾದರು. ಅದರಲ್ಲಿ ಐವತ್ತು ಮಂದಿ ನಾನೇ. ಪ್ರತಿ ಭಾನುವಾರ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಹೋಗಿ ಪ್ರವಾಸಿಗರ ಪುಸ್ತಕದಲ್ಲಿ ಹೆಸರು ಬರೆಯುತ್ತೇನೆ. ಬರೆದವರಿಗೆ ಅಲ್ಲಿನ ಅಕ್ಕ ನೀರು ಕೊಟ್ಟು, "ಕೂತ್ಕೊಳ್ಳಿ, ಪ್ರಯಾಣ ಸುಖವಾಯ್ತಾ?" ಎಂದು ಕೇಳುತ್ತಾರೆ. ನಾನು ಯಾವುದೋ ಒಂದು ಪ್ರಯಾಣದ ಕಥೆ ಹೇಳುತ್ತೇನೆ. ಒಂದೇ ಹೆಸರು ಐವತ್ತು ಸಲ ಬಂದದ್ದನ್ನು ನಿಮ್ಮಲ್ಲಿ ಯಾರೂ ಗಮನಿಸಲಿಲ್ಲ.

ಆ ಸಾಲುಗಳನ್ನು ಹೊಡೆದುಹಾಕಿ. ಅಕ್ಕನನ್ನು ಮಾತ್ರ ಬೈಯಬೇಡಿ. ನಾನು ಇಲ್ಲಿಯೇ ಇರುವವನೆಂದು ಅವರಿಗೆ ಮೊದಲ ಭಾನುವಾರವೇ ಗೊತ್ತಿತ್ತು. ಅವರ ಕಿಟಕಿಯ ಪರದೆ ಹೊಲಿದುಕೊಟ್ಟವನು ನಾನೇ.

ಇಂತಿ,
ನಿಮ್ಮೂರಿನ ದರ್ಜಿ