ಕುಲಪತಿಗಳ ಮಗಳ ಫೈಲು

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟೀ,

ಮೊದಲಿಗೆ ಒಂದು ಐತಿಹಾಸಿಕ ಘೋಷಣೆ, ಎದ್ದು ನಿಂತು ಓದು: ಕುಲಪತಿಗಳ ಕೊಠಡಿಗೆ ಅಂಟಿಕೊಂಡಿರುವ ಬಚ್ಚಲಿನ ಬಲ್ಬನ್ನು ಬದಲಾಯಿಸಲಾಗಿದೆ! ಮೂರು ವಿಭಾಗಗಳು ಪರಸ್ಪರ ಪತ್ರ ಬರೆದುಕೊಂಡು, ಒಂದು ಉಪಸಮಿತಿ ಸ್ಥಳ ಪರಿಶೀಲನೆ ನಡೆಸಿ (ಕತ್ತಲಲ್ಲಿ ಏನನ್ನು ಕಂಡಿತೋ), ಕೊನೆಗೆ ಎಲೆಕ್ಟ್ರಿಷಿಯನ್ ಏಣಿ ಹತ್ತಿದಾಗ ಸಾಕ್ಷಾತ್ ಕುಲಸಚಿವರೇ ಏಣಿ ಹಿಡಿದಿದ್ದರು. ನಿನ್ನ ಅಮ್ಮ ಈಗ ಬೆಳಕಿನಲ್ಲಿ ಕೈ ತೊಳೆಯುತ್ತಾಳೆ.

ನೀನು ನಗುತ್ತಿಲ್ಲ, ಗೊತ್ತು. ಮೊನ್ನೆ ಫೋನಿನಲ್ಲಿ ಅಂದೆಯಲ್ಲ, “ಅಮ್ಮಾ, ನಾನು ಬೇರೆ ಯಾರ ಹೊಟ್ಟೇಲಾದ್ರೂ ಹುಟ್ಟಿದ್ರೆ ಇಷ್ಟೊತ್ತಿಗೆ ಡಾಕ್ಟರೇಟ್ ಬಂದಿರ್ತಿತ್ತು” ಅಂತ. ನಾನು ಊಟ ಆಯ್ತಾ ಎಂದು ಕೇಳಿದೆ. ನೀನು ಫೋನ್ ಇಟ್ಟುಬಿಟ್ಟೆ.

ಎಲ್ಲ ಅನಾಹುತಕ್ಕೂ ನನ್ನ ಪ್ರಾಮಾಣಿಕತೆಯೇ ಕಾರಣ. ಇರುವೆಗಳ ಮೇಲಿನ ನಿನ್ನ ಮಹಾಪ್ರಬಂಧವನ್ನು ಪರೀಕ್ಷಕರು ಮೆಚ್ಚಿದರು, ಮೌಖಿಕ ಪರೀಕ್ಷೆಯೂ ಮುಗಿಯಿತು. ಕುಲಪತಿಗಳ ಒಂದು ಸಹಿಗಾಗಿ ಫೈಲು ನನ್ನ ಮೇಜಿಗೆ ಬಂದಾಗ ಹಸಿರು ಶಾಯಿಯಲ್ಲಿ ಬರೆದೆ: ‘ಅಭ್ಯರ್ಥಿ ನನ್ನ ಮಗಳು. ಯಾವುದೇ ವಿಶೇಷ ಅನುಕೂಲ ಮಾಡತಕ್ಕದ್ದಲ್ಲ.’ ಎಂಥ ಗತ್ತು! ನಮ್ಮವರು ಆಜ್ಞೆಯನ್ನು ಶಿರಸಾವಹಿಸಿದರು. ಫೈಲನ್ನು ಅಲುಗಾಡಿಸುವುದೇ ವಿಶೇಷ ಅನುಕೂಲವಾದೀತೆಂದು ಒಬ್ಬರೂ ಮುಟ್ಟಲಿಲ್ಲ. ನಾನು ಸಹಿ ಮಾಡಿದರೆ ಪಕ್ಷಪಾತ, ಬೇಗ ಮುಗಿಸಿ ಎಂದರೆ ಪ್ರಭಾವ, ಸುಮ್ಮನಿದ್ದರೆ ಆದರ್ಶ. ಕಳೆದ ವರ್ಷದಿಂದ ನಿನ್ನ ಇರುವೆಗಳು ನನ್ನ ಆದರ್ಶದ ಕೆಳಗೆ ಸಿಕ್ಕಿಕೊಂಡಿವೆ. ಈ ತಿಂಗಳೊಳಗೆ ಪದವಿಪತ್ರ ಕೈಗೆ ಬಾರದಿದ್ದರೆ ಸಂಶೋಧನಾ ಕೇಂದ್ರದ ನಿನ್ನ ಕೆಲಸ ಬೇರೆಯವರ ಪಾಲು.

ಶುಕ್ರವಾರ ಪರೀಕ್ಷಾ ವಿಭಾಗದ ಮುಖ್ಯಸ್ಥರನ್ನು ಕರೆಸಿ, ಬೇರೆ ದಾರಿಯೇ ಇಲ್ಲವೇ ಎಂದೆ. ಅವರು ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು: “ಇದೆಯಲ್ಲಾ ಮೇಡಂ. ನೀವು ಒಂದು ವಾರ ರಜೆ ಹಾಕಿ. ಪ್ರಭಾರ ನೋಡ್ಕೊಳ್ಳೋರು ಸಹಿ ಮಾಡ್ತಾರೆ. ನಿಯಮದಲ್ಲೇ ಇದೆ.”

“ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ರಿ?”

“ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ. ಆ ನಿಯಮ ಮಾಡಿದ ಸಮಿತಿಗೆ ತಾವೇ ಅಧ್ಯಕ್ಷರಾಗಿದ್ರಿ.”

ಗೊತ್ತಿತ್ತು ಪುಟ್ಟಿ. ಮೊದಲ ದಿನದಿಂದಲೂ ಗೊತ್ತಿತ್ತು.

ನಾನು ರಜೆ ಹಾಕಿದರೆ ಕೂರುವವರು ನಮ್ಮ ಹಿರಿಯ ಡೀನ್. ಹತ್ತು ನಿಮಿಷದ ಸಭೆಗೆ ಬಂದರೂ ನನ್ನ ಕುರ್ಚಿಯನ್ನು ಕಣ್ಣಲ್ಲೇ ಅಳೆಯುವ ಮನುಷ್ಯ. ಅವರಿಗೆ ಅದರ ರುಚಿ ಹತ್ತಬಾರದೆಂದು ಜ್ವರ ಬಂದಾಗಲೂ ಮಾತ್ರೆ ನುಂಗಿ ಕೂತೆ. ಬರುವ ವಾರವಂತೂ ಮಂತ್ರಿಗಳು ಬರುತ್ತಾರೆ. ಆಗ ಕುರ್ಚಿಯಲ್ಲಿ ಇದ್ದವರಿಗೇ ಮುಂದಿನ ಅವಧಿ ಎಂಬುದು ಇಲ್ಲಿನ ಗೋಡೆಗಳಿಗೂ ಗೊತ್ತು.

ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆಯಲ್ಲಿ ಪಾಠ ಶುರುಮಾಡಿದವಳು ನಾನು. ಒಂದು ಸೈಕಲ್ ಬಿದ್ದರೆ ಸಾಲಿಗೆ ಸಾಲೇ ಬೀಳುತ್ತಿತ್ತು, ಜೊತೆಗೆ ನನ್ನ ಪಾಠವೂ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಎಷ್ಟು ಜನರ ಹಳಸಲು ಜೋಕಿಗೆ ನಕ್ಕಿದ್ದೇನೋ! ಈಗ ಗ್ರಂಥಾಲಯದ ಕಡೆ ತಿರುಗಿದರೂ ತಪಾಸಣೆ ಎಂದು ಗುಲ್ಲೆದ್ದು, ಓದುತ್ತಿದ್ದವರನ್ನೆಲ್ಲ ಎಬ್ಬಿಸಿ ನೆಲ ಒರೆಸುತ್ತಾರೆ. ಸಂಜೆ ಬಂಗಲೆಯ ತೋಟದಲ್ಲಿ ಎರಡು ಸುತ್ತು ಹಾಕಿದರೆ ಗಾರ್ಡ್ ಎರಡು ಸಲ ಸಲ್ಯೂಟ್ ಹೊಡೆಯುತ್ತಾನೆ. ಉಸಿರು ಕಟ್ಟುತ್ತದೆ ಕಣೇ. ಆದರೆ ಒಂದು ಸಲ ಅವನು ಸಲ್ಯೂಟ್ ಮರೆತಾಗ, ನಿಜ ಹೇಳುತ್ತೇನೆ, ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ.

ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ಇದನ್ನು ಬರೆದಿದ್ದೇನೆ. ಎಷ್ಟು ಬೇಕೋ ಅಷ್ಟು ಬೈದುಕೋ. ಬೈದಾದ ಮೇಲೆ ಊಟ ಮಾಡು.

ನಿನ್ನ
ಅಮ್ಮ

ತಾ.ಕ.: ರಜೆ ಅರ್ಜಿ ನಿನ್ನೆಯೇ ಹೋಯಿತು. ಡೀನ್ ನಾಳೆ ಬೆಳಿಗ್ಗೆ ಕೂರುತ್ತಾರೆ, ನಿನ್ನ ಫೈಲು ಎಲ್ಲಕ್ಕಿಂತ ಮೇಲಿದೆ. ಒಂದು ವಾರದ ನಂತರ ಅವರು ಏಳುವುದಿಲ್ಲ, ಅದೂ ಗೊತ್ತು. ಬುಧವಾರ ಬೆಳಗಿನ ರೈಲಿಗೆ ಬರುತ್ತೇನೆ. ಕೋಪ ಇಳಿಯದಿದ್ದರೆ ನೀನು ಸ್ಟೇಷನ್ನಿಗೆ ಬರುವುದು ಬೇಡ, ಒಂದು ಟ್ಯಾಕ್ಸಿ ಕಳಿಸು ಸಾಕು. ಆದರೆ ಡ್ರೈವರಿಗೆ ಮೊದಲೇ ಹೇಳಿಡು: ಹಿರಿಯರು ಅಂತ ಇಳಿದು ಬಂದು ನನಗೆ ಬಾಗಿಲು ತೆಗೆಯುವುದು ಬೇಡ. ಸ್ವಲ್ಪ ಹೊತ್ತು ಪೆಚ್ಚಾಗಿ ನಿಂತಿರುತ್ತೇನೆ, ಆಮೇಲೆ ನಾನೇ ತೆಗೆದುಕೊಳ್ಳುತ್ತೇನೆ.