ಮೊದಲ ಹೆಜ್ಜೆಯ ಕೆಳಗಿನ ಬೆಸುಗೆ

ನನ್ನ ಗಿಡ್ಡಮ್ಮಜ್ಜಿಗೆ,

ಚಿಕ್ಕಮಗಳೂರಿನಿಂದ ನಿನ್ನ ಮೊಮ್ಮಗಳು ರಂಜಿತಾ ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ. ಅಂಗನವಾಡಿಯ ರೇವತಿ ಟೀಚರ್ ಇದನ್ನು ನಿನಗೆ ಓದಿ ಹೇಳುತ್ತಾರೆ. ಟೀಚರೇ, ದಮ್ಮಯ್ಯ, ಅಜ್ಜಿಗೆ ಬೇಜಾರಾಗುತ್ತದೆಂದು ಯಾವ ಸಾಲನ್ನೂ ನುಂಗಬೇಡಿ.

ಕಳಸದ ಬಸ್ಸಿನ ಕಂಡಕ್ಟರ್ ಕೈಲಿ ನೀನು ಕೊಟ್ಟು ಕಳಿಸಿದ ಪೊಟ್ಟಣ ಇವತ್ತು ಬೆಳಿಗ್ಗೆ ಸಿಕ್ಕಿತು. ಚಕ್ಕುಲಿಯೋ ಕೋಡುಬಳೆಯೋ ಎಂದು ಆಸೆಯಿಂದ ಬಿಚ್ಚಿದರೆ, ಒಳಗೆ ನಿನ್ನ ಹಗ್ಗ! ಕಾಫಿ ಗುಂಡಿಗೆ ಗುರುತು ಹಾಕಲು ಆರಾರು ಅಡಿಗೆ ಒಂದೊಂದು ಗಂಟು ಹಾಕಿದ ಅದೇ ಹಗ್ಗ. ಸೋಮವಾರ ಇಲ್ಲಿ ನನ್ನ ಕಬ್ಬಿಣ ಕೆಲಸದ, ಅಂದರೆ ಫ್ಯಾಬ್ರಿಕೇಶನ್ ತರಬೇತಿಯ ಕೊನೆಯ ಪರೀಕ್ಷೆ ಎಂದು ಗೊತ್ತಾದಾಗಿನಿಂದ ನೀನು ಫೋನಿನಲ್ಲಿ ಹೇಳುತ್ತಲೇ ಇದ್ದೆ: "ಪರೀಕ್ಷೆಲೂ ನನ್ ಹಗ್ಗದಲ್ಲೇ ಅಳ್ತೆ ಮಾಡು ಕಣೇ. ನಮ್ ಹಳ್ಳದ್ ಸಂಕ ಹೆಂಗ್ ಕೂತದೆ ನೋಡಿಲ್ವಾ?" ನಾನು ಹೂಂ ಹೂಂ ಅಂದೆ. ನಿಜ ಹೇಳೋಣವೆಂದರೆ ಫೋನಿನಲ್ಲಿ ನೀನು ಇನ್ನೊಬ್ಬರಿಗೆ ಮಾತಾಡಲು ಬಿಟ್ಟರೆ ತಾನೇ? ಅದಕ್ಕೇ ಈ ಕಾಗದ. ಎರಡು ವರ್ಷದಿಂದ ನಿನ್ನಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೇನೆ. ಈ ಹಗ್ಗವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸುಮ್ಮನೆ ಪರೀಕ್ಷೆಗೆ ಹೋಗಲು ನನ್ನಿಂದ ಆಗುವುದಿಲ್ಲ.

ನಾನು ಬಣಕಲ್ಲಿನ ಮಾರಯ್ಯಣ್ಣನ ವರ್ಕ್‌ಶಾಪಿಗೆ ಸೇರಿದಾಗ ನಮ್ಮ ಎಸ್ಟೇಟಿನ ಕೂಲಿ ಲೈನಿನವರೆಲ್ಲ ನಕ್ಕರು. ಹೆಣ್ಣು ಹುಡುಗಿಗೆ ಕಬ್ಬಿಣದ ಕೆಲಸವೇ ಎಂದರು. ನೀನೊಬ್ಬಳೇ, "ಕತ್ತಿ ಹಿಡ್ಯೋ ಕೈ ರಾಡ್ ಹಿಡ್ಯಕ್ಕೆ ಆಗದಿಲ್ವಾ?" ಎಂದು ಅವರ ಬಾಯಿ ಮುಚ್ಚಿಸಿದೆ. ಮೊದಲ ದಿನ ಮಾರಯ್ಯಣ್ಣ ನನ್ನ ಮುಖಕ್ಕೆ ಕಪ್ಪು ಗಾಜಿನ ಮುಸುಕು ಕೊಟ್ಟರು. ಹಾಕಿಕೊಂಡರೆ ಕಣ್ಣೇ ಇಲ್ಲದ ಹಾಗೆ ಕತ್ತಲು. ಅವರು ವೆಲ್ಡಿಂಗ್ ರಾಡನ್ನು ಕಬ್ಬಿಣಕ್ಕೆ ತಾಗಿಸಿದರು ನೋಡು, ಆ ಕತ್ತಲೊಳಗೆ ಕಾಫಿ ಬೀಜದಷ್ಟೇ ದೊಡ್ಡ ಒಂದು ಬೆಳಕಿನ ಹನಿ ಹುಟ್ಟಿತು. ಅಜ್ಜೀ, ಕಬ್ಬಿಣ ನೀರಾಗಿ ನಡುಗುತ್ತಿತ್ತು! ಎರಡು ಬೇರೆ ಬೇರೆ ತುಂಡುಗಳು ಆ ಹನಿಯೊಳಗೆ ಹೋಗಿ ಒಂದೇ ಆಗಿ ಹೊರಬಂದವು. ನಾನು ಮುಸುಕಿನೊಳಗೇ "ಅಯ್ಯಪ್ಪಾ" ಅಂದುಬಿಟ್ಟೆ. ಇವತ್ತಿಗೂ ಪ್ರತಿ ಸಲ ರಾಡ್ ತಾಗಿಸುವಾಗ ನನಗೆ ಹಾಗೇ ಆಗುತ್ತದೆ, ಯಾರಿಗೂ ಹೇಳಬೇಡ.

ಮಾರಯ್ಯಣ್ಣ ಇನ್ನೂ ದೊಡ್ಡ ಸೋಜಿಗ. ನನಗೆ ಬೆನ್ನು ತಿರುಗಿಸಿ ಟೀ ಕುಡಿಯುತ್ತಾ, "ರಾಡ್ ದೂರ ಹಿಡ್ದಿದೀಯ, ಹತ್ರ ತಾ" ಅನ್ನುತ್ತಿದ್ದರು. ಬರೀ ಸದ್ದು ಕೇಳಿ ಗೊತ್ತಾಗುತ್ತಿತ್ತು ಅವರಿಗೆ.

ಆರು ತಿಂಗಳು ಕಳೆದಿತ್ತು. ಆ ಮಳೆಗಾಲದಲ್ಲಿ ನೀನು ಹಳ್ಳ ದಾಟಲು ಹಾಕಿದ್ದ ದಿಮ್ಮಿ ಸಂಕದ ಮೇಲೆ ಜಾರಿದೆಯಲ್ಲ, ಜೊತೆಗಿದ್ದ ಜವರಮ್ಮ ನಿನ್ನ ಸೀರೆ ಸೆರಗು ಹಿಡಿದು ಎಳೆಯದಿದ್ದರೆ ನೀನು ಇವತ್ತು ಇರುತ್ತಿರಲಿಲ್ಲ. ಅದಾದ ಮೇಲೆ ಧಣಿಗಳು ಕಬ್ಬಿಣದ ಸಂಕ ಮಾಡಿಸಲು ಒಪ್ಪಿದರು. ಮಾರಯ್ಯಣ್ಣ ನನಗೇ ಹೇಳಿದರು, ಭಾನುವಾರ ಮನೆಗೆ ಹೋದಾಗ ಹಳ್ಳದ ಅಗಲ ಅಳೆದುಕೊಂಡು ಬಾ ಎಂದು. ನಾನೊಂದು ಪೆದ್ದು, ಟೇಪನ್ನು ವರ್ಕ್‌ಶಾಪಿನಲ್ಲೇ ಬಿಟ್ಟು ಬಂದಿದ್ದೆ. ನೀನು ಅಟ್ಟದಿಂದ ಹಗ್ಗ ಇಳಿಸಿದೆ. ಎಸ್ಟೇಟಿನ ಸಾಲೆಲ್ಲ ಅಳೆದ ಹಗ್ಗ, ತಪ್ಪುವ ಮಾತೇ ಇಲ್ಲ ಎಂದೆ. ಆಚೆ ದಡದಲ್ಲಿ ನೀನು, ಈಚೆ ದಡದಲ್ಲಿ ನಾನು. ಸರಿಯಾಗಿ ನಾಲ್ಕು ಗಂಟು, ಇಪ್ಪತ್ತನಾಲ್ಕು ಅಡಿ. ಎರಡೂ ಕಡೆ ಕಲ್ಲುಕಟ್ಟೆಯ ಮೇಲೆ ಕೂರಲು ಒಂದೊಂದು ಅಡಿ ಸೇರಿಸಿ ಇಪ್ಪತ್ತಾರಕ್ಕೆ ಎರಡು ತೊಲೆ ಕಡಿದೆವು.

ತೊಲೆ ಬಂದ ದಿನ ನೀನು ಮೇಲಿನ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದೆ. ಎಂಟು ಜನ ಹೊತ್ತು ತಂದು ಹಳ್ಳಕ್ಕೆ ಅಡ್ಡ ಇಟ್ಟರು. ಆಚೆ ಕಡೆ ಚೆನ್ನಾಗಿ ಕೂತಿತು. ನಮ್ಮ ಲೈನಿನ ಕಡೆ ಕಟ್ಟೆಗೆ ಅರ್ಧ ಅಡಿ ಮೊದಲೇ ತೊಲೆ ಮುಗಿದುಹೋಗಿತ್ತು! ಎಂಟೂ ಜನ ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮಾರಯ್ಯಣ್ಣ ನಿನ್ನ ಹಗ್ಗವನ್ನು ಟೇಪಿನ ಪಕ್ಕ ಹಿಡಿದು ನೋಡಿದರು. ಗಂಟಿಂದ ಗಂಟಿಗೆ ಆರಡಿಗಿಂತ ಐದೈದು ಬೆರಳು ಹೆಚ್ಚಿತ್ತು; ಇಪ್ಪತ್ತನಾಲ್ಕು ಎಂದುಕೊಂಡ ಹಳ್ಳ ಇಪ್ಪತ್ತೈದೂವರೆ ಅಡಿ ಇತ್ತು. ಕಾಫಿ ಗಿಡಗಳಿಗೆ ಅದರಿಂದ ಏನೂ ಆಗಿರಲಿಲ್ಲ, ಎಲ್ಲಾ ಗುಂಡಿಗಳೂ ಒಂದೇ ಸಮ ದೂರವಾಗಿದ್ದವು ಅಷ್ಟೆ.

ನಾನು ಅಳುತ್ತಿದ್ದೆ. ಅವರು ಬಯ್ಯಲಿಲ್ಲ. "ಉದ್ದ ಆಗಿದ್ರೆ ಕಡೀಬಹುದಿತ್ತು. ಗಿಡ್ಡ ಆಯ್ತು, ಸೇರಿಸ್ಬೇಕು. ಅಳತೆ ನಿಂದು, ಬೆಸುಗೆನೂ ನಿಂದೇ ಆಗ್ಲಿ" ಎಂದರು. ಗೇಟು ಕಿಟಕಿ ಬಿಟ್ಟರೆ ಬೇರೇನನ್ನೂ ಬೆಸೆದವಳಲ್ಲ ನಾನು. ಕಮ್ಮಿ ಬಿದ್ದ ಅರ್ಧ ಅಡಿ, ಕಟ್ಟೆಯ ಮೇಲೆ ಕೂರಲು ಒಂದಡಿ ಎಂದು ಲೆಕ್ಕ ಹಾಕಿ, ಕಡಿದು ಉಳಿದಿದ್ದರಿಂದ ಎರಡೂ ತೊಲೆಗೆ ಒಂದೂವರೆ ಅಡಿಯ ಒಂದೊಂದು ತುಂಡು ತರಿಸಿದರು. ಮೊದಲ ಸಲ ಬೆಸೆದಾಗ ಸುತ್ತಿಗೆಯಿಂದ ಕಿಟ್ಟ ಉದುರಿಸಿ, ಸೂಜಿಮೊನೆಯಷ್ಟು ತೂತು ತೋರಿಸಿ, "ಕಡಿ" ಎಂದರು. ಕಡಿದೆ. ಎರಡನೆಯ ಸಲವೂ "ಕಡಿ". ಮೂರನೆಯ ಸಲವೂ. ನಾಲ್ಕನೆಯ ಸಲ ಬೆಸುಗೆಯ ಉದ್ದಕ್ಕೂ ಉಗುರು ಎಳೆದು ನೋಡಿದರು. ತಮ್ಮ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟರು. ಆಮೇಲೆ ಬೆಸುಗೆಯ ಎರಡೂ ಬದಿಗೆ ಪಟ್ಟಿ ಕೂರಿಸಿ ಬೋಲ್ಟ್ ಹಾಕಿಸಿದರು, ಎಂಟು ಜನರನ್ನೂ ಅದರ ಮೇಲೆ ನಿಲ್ಲಿಸಿ ತಾವು ಕೆಳಗೆ ನೀರಿಗಿಳಿದು, ಬೆಸುಗೆಯ ಅಡಿಯಲ್ಲೇ ತಲೆಯೊಡ್ಡಿ ನಿಂತರು. ನನಗಿಂತ ಹೆಚ್ಚು ನನ್ನ ಕೈಯನ್ನು ನಂಬಿದವರು ಅವರು. ಹೊರಡುವಾಗ ಎಲ್ಲರಿಗೂ ಒಂದೇ ಮಾತು ಹೇಳಿದರು: "ಆ ಅಮ್ಮನ್ ಹಗ್ಗದ ಸುದ್ದಿ ಯಾರೂ ಎತ್ಬೇಡಿ."

ಯಾರೂ ಎತ್ತಲಿಲ್ಲ. ಮಾರನೇ ದಿನ ತಲೆ ಮೇಲೆ ಬುಟ್ಟಿ ಹೊತ್ತು ಬರಿಗಾಲಲ್ಲಿ ಮೊಟ್ಟಮೊದಲು ಸಂಕಕ್ಕೆ ಕಾಲಿಟ್ಟವಳು ನೀನು. ನಿನ್ನ ಮೊದಲ ಹೆಜ್ಜೆಯೇ ಆ ಬೆಸುಗೆಯ ಮೇಲೆ ಬಿತ್ತು, ನಾನು ಕಣ್ಣು ಮುಚ್ಚಿಕೊಂಡೆ. ನೀನು ಅಲ್ಲೇ ನಿಂತು ಹಿಮ್ಮಡಿ ಕುಟ್ಟಿ, "ಅಳ್ಳಾಡದೇ ಇಲ್ಲ ಮಾರಾಯ್ತಿ! ನನ್ ಹಗ್ಗದ ಅಳ್ತೆ ಅಂದ್ರೆ ಎಂತ ಅಂದ್ಕಂಡಿ?" ಎಂದೆ. ಈ ಆಗಸ್ಟಿನಲ್ಲಿ ಹಳ್ಳ ಸಂಕದ ಮೇಲೆಯೇ ಹರಿದು, ಹಳ್ಳದ ಮೇಲ್ಭಾಗದ ದಿಮ್ಮಿ ಸಂಕಗಳೆಲ್ಲ ಕೊಚ್ಚಿಹೋದಾಗಲೂ ನೀನು ಅದನ್ನೇ ಹೇಳಿದೆ. ನಾನು ಫೋನ್ ಹಿಡಿದು ನಕ್ಕೆ, ಆಮೇಲೆ ಅತ್ತೆ.

ಅಜ್ಜೀ, ಇವತ್ತು ಹಗ್ಗವನ್ನು ಮತ್ತೆ ಟೇಪಿಗೆ ಹಿಡಿದು ನೋಡಿದೆ. ಇದು ಹುಟ್ಟಾ ಸುಳ್ಳು ಹಗ್ಗವಲ್ಲ. ನೀನು ಗಂಟು ಹಾಕಿದ ದಿನ ಆರಕ್ಕೆ ಆರೇ ಇದ್ದಿರಬೇಕು. ಮೂವತ್ತು ವರ್ಷ ಗುಡ್ಡದಿಂದ ಗುಡ್ಡಕ್ಕೆ ಬಿಗಿದೂ ಬಿಗಿದೂ ನೀನೇ ಇದನ್ನು ಹಿಗ್ಗಿಸಿದ್ದೀಯ. ಹಳ್ಳದ ಮೇಲೆ ನನಗೆ ಕಮ್ಮಿ ಬಿದ್ದ ಒಂದೂವರೆ ಅಡಿ ನಿನ್ನ ತೋಳುಗಳು ಎಳೆದ ಎಳೆತ. ಇದು ಹೊಳೆದಾಗ ಹಗ್ಗವನ್ನು ಕಣ್ಣಿಗೊತ್ತಿಕೊಂಡೆ. ಸೋಮವಾರ ಟೇಪಿನಲ್ಲೇ ಅಳೆಯುತ್ತೇನೆ, ಕ್ಷಮಿಸು. ಹಗ್ಗ ಮಾತ್ರ ಸೊಂಟಕ್ಕೆ ಸುತ್ತಿಕೊಂಡಿರುತ್ತೇನೆ.

ಇನ್ನು ಲೈನಿನವರ ಮುಂದೆ ಜಂಬ ಕೊಚ್ಚುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನನ್ನ ಮೇಲೆ ಸಿಟ್ಟು ಬಂದರೆ ಒಳಗೆ ಇಟ್ಟುಕೊಂಡು ಕೊರಗಬೇಡ. ಸಂಕದ ಹತ್ತಿರ ಹೋಗು, ಆ ಮೊದಲ ಹೆಜ್ಜೆಯ ಮೇಲೆಯೇ ನಿಂತು, ಕಾಲು ಕುಟ್ಟಿ ಕುಟ್ಟಿ ನನಗೆ ಬಯ್ಯಿ. ಅದು ತಡೆಯುತ್ತದೆ.

ನಿನ್ನ ಕೈ ನನ್ನ ತಲೆಯ ಮೇಲಿರಲಿ, ಸಂಕ ನಿನ್ನ ಕಾಲ ಕೆಳಗಿರಲಿ.

ನಿನ್ನ,
ರಂಜಿತಾ