ಲಕ್ಕಿಯ ಹಲ್ಲಿಯ ಸುದ್ದಿ

ತದಡಿ,
ತಾ. ೧೪-೪-೧೯೪೩, ಬುಧವಾರ

ಲಕ್ಕಿಯ ಅಪ್ಪನಿಗೆ, ಬಂಗಾರಿ ಮಾಡುವ ನಮಸ್ಕಾರ.

ನಿಮ್ಮ ಮೊಣಕಾಲು ನೋವು ಹೇಗಿದೆ? ತಿಕ್ಕಿಕೊಳ್ಳಲು ಜೈಲಿನಲ್ಲಿ ಎಣ್ಣೆಯನ್ನಾದರೂ ಕೊಡುತ್ತಾರೆಯೇ? ಗಂಜಿ ಉಂಡು ಬೆಳೆದವನಿಗೆ ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿತೋ ಇಲ್ಲವೋ ಎಂದು ಅತ್ತೆ ದಿನವೂ ಕೇಳುತ್ತಾರೆ, ನಾನೇ ಹೋಗಿ ಕಂಡು ಬಂದವಳ ಹಾಗೆ. ಅವರ ಕೆಮ್ಮು ಈಗ ಕಡಿಮೆಯಾಗಿದೆ. ಶಾಲೆಯಲ್ಲಿ ನಿಮ್ಮ ಜಾಗಕ್ಕೆ ಹೊನ್ನಾವರದ ಕಡೆಯ ಒಬ್ಬ ಮಾಸ್ತರರು ಬಂದಿದ್ದಾರೆ. ಮಗ್ಗಿ ಹೇಳಿಸುತ್ತಾರೆ, ಹಾಡು ಹೇಳಿಸುವುದಿಲ್ಲವಂತೆ.

ಕಳೆದ ಪತ್ರದಲ್ಲಿ ನೀವು ಹಲ್ಲಿಯ ಸುದ್ದಿ ಕೇಳಿದ್ದಿರಿ. ಅದಕ್ಕೆ ಬೆಲ್ಲ ಹೆಚ್ಚು ಕೊಡಬಾರದು, ಹಲ್ಲು ಹುಳುಕಾದೀತು ಎಂದು ಲಕ್ಕಿಗೆ ಹೇಳು, ಎಂದು ತಮಾಷೆಯಾಗಿ ಬರೆದಿದ್ದಿರಿ. ಓದಿ ಹೇಳಿದಾಗ ಅತ್ತೆ ಎದ್ದು ಹಿತ್ತಲಿಗೆ ಹೋಗಿಬಿಟ್ಟರು. ನಾನು ಈಗ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಮ್ಮ ಪತ್ರಗಳನ್ನು ಜೈಲಿನವರು ಒಡೆದು ಓದಿ ಆಮೇಲೆ ನಿಮಗೆ ಕೊಡುತ್ತಾರಂತೆ. ಓದಲಿ.

ನಿಮ್ಮನ್ನು ಹಿಡಿದುಕೊಂಡು ಹೋದ ಮೇಲೆ, ದೀಪಾವಳಿಯ ಹೊತ್ತಿಗೆ, ಕಿಟಕಿ ಮುಚ್ಚುವಾಗ ಸಿಕ್ಕಿಕೊಂಡು ಆ ಹಲ್ಲಿಯ ಬಾಲ ತುಂಡಾಯಿತು. ಲಕ್ಕಿ ಹಲ್ಲಿಯನ್ನು ತೆಂಗಿನ ಗೆರಟೆಯಲ್ಲಿ ಹಾಕಿ, ಮೇಲೆ ಹಳೆಯ ಸೀರೆಯ ತುಂಡು ಕಟ್ಟಿ ಇಟ್ಟುಕೊಂಡಳು. "ಹಲ್ಲಿ ಸಾಕುದು ಎಲ್ಲಾದ್ರೂ ಕಂಡಿದ್ಯೇನೆ? ಹೊರಗೆ ಬಿಸಾಡು" ಎಂದು ಅತ್ತೆ ಬೈದರು. ಅವಳು ಕೇಳಲಿಲ್ಲ. ನಾಲ್ಕು ದಿನ ಬಿಟ್ಟು ತಾನು ಮಲಗುವ ಚಾಪೆಯ ಪಕ್ಕದ ಗೋಡೆಗೆ ಬಿಟ್ಟಳು. ಬೆಲ್ಲದ ನೀರನ್ನು ಕಸಬರಿಗೆಯ ಹಿಡಿಕಡ್ಡಿಯ ತುದಿಗೆ ಹಚ್ಚಿ ಹಿಡಿದರೆ ಅದು ಇಳಿದು ಬಂದು ನೆಕ್ಕುತ್ತಿತ್ತು. ನೊಣ ಹಿಡಿದು ಕೊಡುತ್ತಿದ್ದಳು. ಕುಡಿಯಲಿ ಎಂದು ಗೋಡೆಗೆ ಬೆರಳಿನಿಂದ ನೀರು ಚಿಮುಕಿಸುತ್ತಿದ್ದಳು. ಅಪ್ಪ ಯಾವಾಗ ಬರುತ್ತಾನೆ ಎಂದು ದಿನಾ ಕೇಳುತ್ತಿದ್ದಳಲ್ಲ, ನಾನು ಒಮ್ಮೆ ಸಾಕಾಗಿ, ಹಲ್ಲಿಗೆ ಬಾಲ ಬರಲಿ, ಆಗ ಬರುತ್ತಾರೆ ಎಂದುಬಿಟ್ಟೆ. ಅಂದಿನಿಂದ ಬೆಳಿಗ್ಗೆ ಎದ್ದವಳೇ ಬಾಲ ನೋಡುವುದೇ ಕೆಲಸವಾಯಿತು.

ಜನವರಿಯಲ್ಲಿ ಅವಳಿಗೆ ಜ್ವರ ಬಂತು. ವಿಷಮಶೀತ ಜ್ವರ. ದೋಣಿ ದಾಟಿಸಿ, ಗಾಡಿ ಮಾಡಿ ಕುಮಟೆಯಿಂದ ಡಾಕ್ಟರರನ್ನು ಕರೆತಂದೆವು. ಪಾಪ, ಅವರು ಎರಡು ಸಲ ಬಂದರು. ಅನ್ನ ಮುಟ್ಟಬಾರದು ಎಂದಿದ್ದರು. ತಾನು ಬಾರ್ಲಿ ನೀರು ಕುಡಿಯುತ್ತ, ಹಲ್ಲಿಗೆ ಬೆಲ್ಲ ತಪ್ಪಿಸಬೇಡ ಎಂದು ನನಗೆ ಹೇಳುತ್ತಿದ್ದಳು. ನಾನು ಅವಳು ಹೇಳಿದ ಹಾಗೆಯೇ ಕಡ್ಡಿ ಹಿಡಿಯುತ್ತಿದ್ದೆ. ಕೊನೆಯ ವಾರ ಒಂದು ದಿನ ಮಲಗಿದಲ್ಲಿಂದಲೇ ಗೋಡೆ ನೋಡಿ, "ಆಯಿ, ಬಾಲ ಪೂರಾ ಆತು. ಅಪ್ಪ ಎಂತಕ್ಕೆ ಬರ್ಲಿಲ್ಲ?" ಎಂದಳು. ನಾನು ಅವಳ ಹಣೆಯ ಬಟ್ಟೆ ಬದಲಾಯಿಸಿದೆ.

ಫೆಬ್ರುವರಿ ಒಂಬತ್ತು, ಮಂಗಳವಾರ, ಮಧ್ಯಾಹ್ನ ನಮ್ಮ ಲಕ್ಕಿ ಹೋದಳು. ನಿಮ್ಮ ತಮ್ಮ ಮಾಬ್ಲ ಎತ್ತಿಕೊಂಡು ಹೋದ. ಅವಳನ್ನು ಎತ್ತಲು ಇನ್ನೊಬ್ಬರು ಬೇಕಾಗಿರಲಿಲ್ಲ, ಅಷ್ಟು ಹಗುರಾಗಿದ್ದಳು.

ಅದಾದ ಮೇಲೆ ನಿಮಗೆ ಎರಡು ಪತ್ರ ಬರೆದೆ. ಲಕ್ಕಿ ಹಲ್ಲಿಗೆ ಬೆಲ್ಲ ಕೊಟ್ಟಳು, ನೊಣ ಹಿಡಿದಳು ಎಂದೆಲ್ಲ ಬರೆದೆ. ಕೊಟ್ಟವಳು ನಾನು. ಕತ್ತಲಾಗುವ ಹೊತ್ತಿಗೆ ಅದು ಅವಳ ಚಾಪೆಯಿಲ್ಲದ ಬರಿಯ ನೆಲದ ಕಡೆಗೆ ಇಳಿದು ಬಂದು ಕಾಯುತ್ತಿತ್ತು, ನೋಡಲಾಗುತ್ತಿರಲಿಲ್ಲ. ಮೊನ್ನೆ ಸೋಮವಾರ ಅತ್ತೆ ದುರ್ಗನನ್ನು ಕರೆಸಿ ಮನೆಗೆ ಸುಣ್ಣ ಬಳಿಸಿದರು. ನಾನು ನೀರಿಗೆ ಹೋಗಿದ್ದೆ. ಬಂದು ನೋಡಿದರೆ ಹಲ್ಲಿ ಸುಣ್ಣದ ಮಡಕೆಯಲ್ಲಿ ಬಿದ್ದು ಸತ್ತಿತ್ತು. ದುರ್ಗ ಕಂಡೇ ಇರಲಿಲ್ಲ, ಅವನ ತಪ್ಪಲ್ಲ. ಲಕ್ಕಿ ಹೋದಾಗ ನನ್ನ ಕಣ್ಣಲ್ಲಿ ನೀರು ಬಂದಿರಲಿಲ್ಲ, ಕಲ್ಲಾಗಿದ್ದೆ. ಮೊನ್ನೆ ಆ ಮಡಕೆಯ ಹತ್ತಿರ ಕೂತು ಅತ್ತದ್ದು ಕೇಳಿ ಅಕ್ಕಪಕ್ಕದವರು ಓಡಿ ಬಂದರು. ಅತ್ತೆ ನನ್ನನ್ನು ತಬ್ಬಿ, "ಇನ್ನು ಮುಚ್ಚಿಡಬೇಡ ಮಗಾ, ಅವ್ನಿಗೆ ಬರೆ" ಎಂದರು. ನನಗೂ ಇನ್ನು ಸುಳ್ಳು ಬರೆಯಲು ಏನೂ ಉಳಿದಿಲ್ಲ.

ನೀವು ಒಬ್ಬರೇ ಕೂತು ಇದನ್ನು ಓದಬೇಡಿ. ಪಕ್ಕದಲ್ಲಿ ನಮ್ಮ ಕಡೆಯವರು ಯಾರಾದರೂ ಇರಲಿ. ಅತ್ತೆ ನಿಮ್ಮ ತಲೆ ಮುಟ್ಟಿ ಹರಸಿದ್ದಾರೆ ಎಂದು ತಿಳಿಯಿರಿ. ಊಟ ಮಾತ್ರ ಬಿಡಬೇಡಿ.

ನಿಮ್ಮ,
ಬಂಗಾರಿ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಮಾಬ್ಲ ಬಾಗಿಲಲ್ಲಿ ನಿಂತಿದ್ದಾನೆ. ಒಂದು ಮಾತು ಉಳಿಯಿತು. ಇನ್ನು ಚಳವಳಿಗೆ ಸೇರುವುದಿಲ್ಲ ಎಂದು ಬರೆದು ಸಹಿ ಹಾಕಿದರೆ ಬಿಡುತ್ತಾರೆ, ಮಗಳನ್ನು ನೋಡದೆ ಇರಲಾರೆ, ನೀನು ಹೂಂ ಎಂದರೆ ಬರುತ್ತೇನೆ ಎಂದು ನೀವು ಜನವರಿಯಲ್ಲಿ ಕೇಳಿದ್ದಿರಿ. ಆ ಪತ್ರ ಬಂದ ದಿನ ಅವಳಿಗೆ ಜ್ವರ ಹಿಡಿದು ಆರು ದಿನವಾಗಿತ್ತು. ಎಲ್ಲರೂ ಕ್ಷೇಮ, ಸಹಿ ಹಾಕಬೇಡಿ ಎಂದು ಬರೆದೆ. ನಿಮ್ಮನ್ನು ಒಯ್ಯುವಾಗ ದೋಣಿ ಹತ್ತುವ ಧಕ್ಕೆಯಲ್ಲಿ ಊರೆಲ್ಲ ನಿಂತು ಹಾರ ಹಾಕಿತ್ತು; ಅದೇ ಜನರ ಎದುರು ನೀವು ತಲೆ ತಗ್ಗಿಸಿ ಬರುವುದು ನನಗೆ ಬೇಡವಾಗಿತ್ತು. ಜ್ವರ ಇಳಿದೀತು ಎಂದುಕೊಂಡೆ. ಸರಕಾರ ನಿಮ್ಮನ್ನು ಹಿಡಿದಿಟ್ಟಿತು, ಆದರೆ ಅವಳಿಗೆ ನಿಮ್ಮನ್ನು ತಪ್ಪಿಸಿದವಳು ನಾನು. ಈಗ ಕೇಳಲು ನನಗೆ ಮೋರೆಯಿಲ್ಲ. ಆದರೂ ಕೇಳುತ್ತೇನೆ: ಸಹಿ ಹಾಕಿ, ಬನ್ನಿ. ಬಂದು ನನ್ನನ್ನು ಏನು ಬೇಕಾದರೂ ಅನ್ನಿ.